ರೈಸರ್‌ಎಫ್‌ಎಸ್‌ನ ಇಪ್ಪತ್ತನಾಲ್ಕು ವರ್ಷ

ರೈಸರ್‌ಎಫ್‌ಎಸ್ ಒಂದು ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಟ್ಟು ಹುಡುಕಿಕೊಡುವ ಸಾಫ್ಟ್‌ವೇರ್. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಮಾತು ಕೊಲೆಯ ಕಡೆಗೆ ಹೊರಳುತ್ತದೆ. ಅದನ್ನು ಬರೆದವನು ಹೆಂಡತಿಯನ್ನು ಕೊಂದು ಜೈಲು ಸೇರಿದ, ಅವನ ಜೊತೆಗೆ ಅವನ ಫೈಲ್ ಸಿಸ್ಟಮ್ಮೂ ಹಾಳಾಯಿತು ಎಂದು ಎರಡೇ ಮಾತಿನಲ್ಲಿ ಕಥೆ ಮುಗಿಸುವವರೇ ಹೆಚ್ಚು. ಈ ಬಗ್ಗೆ ವರ್ಷಗಟ್ಟಲೆ ಜೋಕುಗಳೂ ಓಡಾಡಿದವು. ಅವು ಯಾವುವೂ ಈ ಬರಹದಲ್ಲಿ ಇರುವುದಿಲ್ಲ. ಪ್ರಾಣ ಕಳೆದುಕೊಂಡಿದ್ದು ಎರಡು ಸಣ್ಣ ಮಕ್ಕಳ ತಾಯಿ.

ಆ ಎರಡು ಮಾತಿನ ಕಥೆ ಸರಿಯೂ ಅಲ್ಲ. 2001ರ ಜನವರಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.4.1 ಆವೃತ್ತಿಯ ಮೂಲಕ ಒಳಗೆ ಬಂದ ರೈಸರ್‌ಎಫ್‌ಎಸ್, 2025ರ ಜನವರಿಯಲ್ಲಿ 6.13 ಬಂದಾಗ ಹೊರಗೆ ಹೋಯಿತು. ನಡುವಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಹದಿನೆಂಟಕ್ಕೂ ಹೆಚ್ಚು ವರ್ಷ ಅದನ್ನು ಬರೆದ ಹ್ಯಾನ್ಸ್ ರೈಸರ್ ಜೈಲಿನಲ್ಲೇ ಇದ್ದ. ಅಂದರೆ ಆ ಫೈಲ್ ಸಿಸ್ಟಮ್ಮಿನ ಆಯಸ್ಸಿನ ಮುಕ್ಕಾಲು ಪಾಲು ಅದನ್ನು ನೋಡಿಕೊಂಡವರು ಬೇರೆಯವರು. ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಹೇಳಬೇಕೆನಿಸುವುದು ಮುಖ್ಯವಾಗಿ ಅವರ ವಿಷಯ. ಆದರೆ ಅದಕ್ಕೆ ಮೊದಲು ಈ ಸಾಫ್ಟ್‌ವೇರ್ ಯಾಕೆ ಅಷ್ಟು ಜನರಿಗೆ ಬೇಕಾಗಿತ್ತು ಎಂಬುದನ್ನು ಹೇಳಬೇಕು.

ರೈಸರ್‌ಎಫ್‌ಎಸ್‌ಗೂ ಮುಂಚೆ ಲಿನಕ್ಸ್ ಹಾಕಿಕೊಂಡವರೆಲ್ಲ ಬಳಸುತ್ತಿದ್ದದ್ದು ಎಕ್ಸ್‌ಟಿ2 ಎಂಬ ಫೈಲ್ ಸಿಸ್ಟಮ್. ಕರೆಂಟ್ ಇರುವವರೆಗೆ ಅದು ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಕರೆಂಟ್ ಹೋಗಿ ಮೆಷಿನ್ ಏಕಾಏಕಿ ಆಫ್ ಆಯಿತೋ, ಮುಂದಿನ ಸಲ ಶುರುವಾಗುವಾಗ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಪರೀಕ್ಷೆ ಮಾಡಲು ಕೂರುತ್ತಿತ್ತು. ಲೋಡ್ ಶೆಡ್ಡಿಂಗ್ ದಿನನಿತ್ಯದ ಮಾತಾಗಿದ್ದ ಕಾಲದಲ್ಲಿ, ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿನ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಯುಪಿಎಸ್ ಬ್ಯಾಟರಿ ಹಳೆಯದು. ಕರೆಂಟ್ ವಾಪಸ್ ಬಂದ ಮೇಲೆ ಕಪ್ಪು ಪರದೆಯಲ್ಲಿ ಶೇಕಡಾವಾರು ಅಂಕಿ ಆಮೆಯ ಹಾಗೆ ತೆವಳುತ್ತಿತ್ತು. ಕೆಲವೊಮ್ಮೆ ಅರ್ಧಕ್ಕೆ ನಿಂತು, ಇನ್ನು ಮುಂದೆ ನೀನೇ ಕೈಯಾರೆ ಪರೀಕ್ಷೆ ಮಾಡು ಎಂದು ರೂಟ್ ಪಾಸ್‌ವರ್ಡ್ ಕೇಳುತ್ತಿತ್ತು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಈ ಐನೋಡ್ (ಒಂದು ಫೈಲಿನ ವಿವರ ಬರೆದಿಡುವ ದಾಖಲೆ) ಸರಿಪಡಿಸಲೇ, ಈ ಬ್ಲಾಕ್ ಬಿಡಿಸಲೇ, ಇದಕ್ಕೆ ತಂದೆ ಡೈರೆಕ್ಟರಿ ಇಲ್ಲ, ಏನು ಮಾಡಲಿ. ವೈ ಒತ್ತುವುದು, ಮತ್ತೆ ವೈ ಒತ್ತುವುದು. ಎಲ್ಲ ಮುಗಿದ ಮೇಲೆ ಲಾಸ್ಟ್ ಪ್ಲಸ್ ಫೌಂಡ್ ಎಂಬ ಡೈರೆಕ್ಟರಿಯಲ್ಲಿ ಹೆಸರು ಕಳೆದುಕೊಂಡು ಬರೀ ನಂಬರ್ ಹೊತ್ತ ಫೈಲುಗಳು ಸಾಲಾಗಿ ಬಿದ್ದಿರುತ್ತಿದ್ದವು. ಯಾವುದು ಯಾರ ಮೇಲ್ ಎಂದು ಒಂದೊಂದನ್ನೇ ತೆರೆದು ನೋಡಬೇಕು. ಅಷ್ಟು ಹೊತ್ತೂ ಆಫೀಸಿನವರು ಬಾಗಿಲಲ್ಲಿ ಬಂದು ಇಣುಕಿ ಹೋಗುತ್ತಿದ್ದರು.

ಇದಕ್ಕೆ ಮದ್ದು ಜರ್ನಲಿಂಗ್. ನಮ್ಮ ಅಂಗಡಿಗಳಲ್ಲಿ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಿದ್ದರಲ್ಲ, ಅದೇ ಪದ್ಧತಿ. ಡಿಸ್ಕಿನ ಮೇಲೆ ಏನು ಬದಲಾವಣೆ ಮಾಡಲಿದ್ದೇನೆ ಎಂಬುದನ್ನು ಮೊದಲು ಒಂದು ಜಾಗದಲ್ಲಿ ಬರೆದಿಟ್ಟು, ಆಮೇಲೆ ನಿಜವಾದ ಜಾಗದಲ್ಲಿ ಬದಲಾವಣೆ ಮಾಡುವುದು. ನಡುವೆ ಕರೆಂಟ್ ಹೋದರೆ ಇಡೀ ಡಿಸ್ಕ್ ತಡಕಾಡಬೇಕಿಲ್ಲ, ಬರೆದಿಟ್ಟ ಕೊನೆಯ ಕೆಲವು ನಮೂದುಗಳನ್ನು ಮತ್ತೆ ನಡೆಸಿದರೆ ಸಾಕು. ದೊಡ್ಡ ಯುನಿಕ್ಸ್ ಯಂತ್ರಗಳಲ್ಲಿ ಇದು ಆಗಲೇ ಇತ್ತು. ಲಿನಕ್ಸ್‌ನ ಅಧಿಕೃತ ಕರ್ನಲ್ಲಿಗೆ ಇದನ್ನು ಮೊದಲು ತಂದದ್ದು ರೈಸರ್‌ಎಫ್‌ಎಸ್. ಅದನ್ನು ಹಾಕಿದ ಮೇಲೆ ಕರೆಂಟ್ ಹೋಗಿ ಬಂದಾಗ ಪರದೆಯ ಮೇಲೆ ಇಷ್ಟು ಟ್ರಾನ್ಸಾಕ್ಷನ್‌ಗಳನ್ನು ಇಷ್ಟು ಸೆಕೆಂಡಿನಲ್ಲಿ ಮತ್ತೆ ನಡೆಸಿದೆ ಎಂದು ಒಂದೇ ಸಾಲು ಬರುತ್ತಿತ್ತು, ಅಷ್ಟರಲ್ಲಿ ಲಾಗಿನ್ ಕೇಳುತ್ತಿತ್ತು. ಆ ಒಂದು ಸಾಲು ಆಗ ಎಷ್ಟು ದೊಡ್ಡ ನೆಮ್ಮದಿ ಎಂಬುದು ಇಂದು ಲ್ಯಾಪ್‌ಟಾಪ್ ಹಿಡಿದು ಕಲಿಯುವವರಿಗೆ ಗೊತ್ತಾಗುವುದು ಕಷ್ಟ.

ಇಲ್ಲೇ ಮೊದಲನೆಯ ಮರೆತ ಹೆಸರು ಬರುತ್ತದೆ. ಈ ಜರ್ನಲಿಂಗ್ ಭಾಗವನ್ನು ಬರೆದವರು ಕ್ರಿಸ್ ಮೇಸನ್. ಆ ಕೆಲಸಕ್ಕೆ ಹಣ ಕೊಟ್ಟವರಲ್ಲಿ ಅಂದಿನ ಎಂಪಿ3.ಕಾಮ್ ಕೂಡ ಇತ್ತು. ಮೇಸನ್ ಮುಂದೆ ಲಿನಕ್ಸ್ ವಿತರಿಸುವ ಸೂಸೆ ಕಂಪನಿಯಲ್ಲಿದ್ದುಕೊಂಡು ವರ್ಷಗಟ್ಟಲೆ ರೈಸರ್‌ಎಫ್‌ಎಸ್ ಮೇಲೆ ದುಡಿದರು. ಜನ ಯಾವ ಗುಣಕ್ಕಾಗಿ ರೈಸರ್‌ಎಫ್‌ಎಸ್ ಹಾಕಿಕೊಂಡರೋ ಆ ಗುಣ ಅವರ ಕೈಯಿಂದ ಬಂದದ್ದು.

ಹಾಗೆಂದು ರೈಸರ್‌ನ ಪಾಲು ಸಣ್ಣದೇನಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನವನಾದ ಆತ ಹದಿನೈದನೇ ವಯಸ್ಸಿಗೆ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದ್ದ. ತೊಂಬತ್ತರ ದಶಕದಲ್ಲಿ ರಷ್ಯಾದ ಪ್ರೋಗ್ರಾಮರ್‌ಗಳನ್ನು ಕಟ್ಟಿಕೊಂಡು ನೇಮ್‌ಸಿಸ್ ಎಂಬ ಕಂಪನಿ ನಡೆಸಿದ. ಆತನ ತಲೆಯಲ್ಲಿದ್ದ ಯೋಚನೆ ನಿಜಕ್ಕೂ ದೊಡ್ಡದು. ಫೈಲ್ ಸಿಸ್ಟಮ್ ಸಣ್ಣ ಫೈಲುಗಳನ್ನು ಸರಿಯಾಗಿ ನಿಭಾಯಿಸದ ಕಾರಣಕ್ಕೇ ಪ್ರೋಗ್ರಾಮ್ ಬರೆಯುವವರು ನೂರಾರು ಚೂರು ಮಾಹಿತಿಯನ್ನು ಒಂದೇ ದೊಡ್ಡ ಫೈಲಿಗೆ ತುರುಕುತ್ತಾರೆ, ಡೇಟಾಬೇಸ್ ಕಟ್ಟುತ್ತಾರೆ, ತಮ್ಮದೇ ಒಂದು ಪುಟ್ಟ ಫೈಲ್ ಸಿಸ್ಟಮ್ಮನ್ನು ಒಳಗೊಳಗೇ ಮತ್ತೆ ಬರೆಯುತ್ತಾರೆ ಎಂಬುದು ಆತನ ವಾದ. ಐವತ್ತು ಬೈಟಿನ ಫೈಲ್ ಕೂಡ ಅಗ್ಗವಾಗಬೇಕು, ಎಲ್ಲಕ್ಕೂ ಒಂದೇ ಹೆಸರಿಡುವ ಪದ್ಧತಿ ಇರಬೇಕು ಎಂದು ಆತ ಹೇಳುತ್ತಿದ್ದ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಅದರ ಚಂದ ತಿಳಿಯುತ್ತದೆ. ಡಿಸ್ಕನ್ನು ಸಾಮಾನ್ಯವಾಗಿ 4096 ಬೈಟಿನ ಬ್ಲಾಕುಗಳಾಗಿ ಹಂಚಿರುತ್ತಾರೆ. ಎಕ್ಸ್‌ಟಿ2ರಲ್ಲಿ ಒಂದು ಫೈಲ್ ಎಷ್ಟೇ ಪುಟ್ಟದಾಗಿದ್ದರೂ ಒಂದು ಬ್ಲಾಕು ಅದರದ್ದೇ. 400 ಬೈಟಿನ ಹತ್ತು ಸಾವಿರ ಫೈಲುಗಳಿದ್ದರೆ ನಿಜವಾದ ಮಾಹಿತಿ ಸುಮಾರು 4 ಎಂಬಿ, ಡಿಸ್ಕಿನಲ್ಲಿ ಹೋಗುವ ಜಾಗ ಸುಮಾರು 40 ಎಂಬಿ. ಸಾಲದ್ದಕ್ಕೆ, ಎಷ್ಟು ಐನೋಡ್ ಬೇಕು ಎಂಬುದು ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತಿದ್ದುದರಿಂದ, ಡಿಸ್ಕಿನಲ್ಲಿ ಜಾಗವಿದ್ದೂ ಹೊಸ ಫೈಲ್ ಮಾಡಲಾಗದ ಸ್ಥಿತಿ ಮೇಲ್ ಸರ್ವರ್‌ಗಳಲ್ಲಿ ಬರುತ್ತಿತ್ತು. ರೈಸರ್‌ಎಫ್‌ಎಸ್ ಇಡೀ ಪಾರ್ಟಿಶನ್ನನ್ನು, ಅಂದರೆ ಡಿಸ್ಕಿನ ಒಂದು ವಿಭಾಗವನ್ನು, ಒಂದೇ ಸಮತೋಲಿತ ಮರವನ್ನಾಗಿ ಮಾಡಿತು. ಫೈಲಿನ ವಿವರ, ಡೈರೆಕ್ಟರಿಯ ಹೆಸರುಗಳು, ಸಣ್ಣ ಫೈಲಿನ ಒಡಲು, ಎಲ್ಲವೂ ಆ ಮರದ ಎಲೆಗಳಲ್ಲಿ ಪಕ್ಕಪಕ್ಕದಲ್ಲಿ ಕೂರುತ್ತವೆ. ಪ್ರತಿಯೊಂದಕ್ಕೂ ನಾಲ್ಕು ಭಾಗದ ಕೀಲಿ: ಅದು ಇರುವ ಡೈರೆಕ್ಟರಿಯ ಸಂಖ್ಯೆ, ಅದರದ್ದೇ ಸಂಖ್ಯೆ, ಫೈಲಿನೊಳಗೆ ಎಲ್ಲಿಂದ ಶುರು, ಯಾವ ಬಗೆಯದು. ಡೈರೆಕ್ಟರಿಯ ಸಂಖ್ಯೆ ಮೊದಲಿಗೆ ಇರುವುದರಿಂದ ಒಂದೇ ಡೈರೆಕ್ಟರಿಯ ಫೈಲುಗಳು ಮರದಲ್ಲಿಯೂ ಒಟ್ಟಿಗೆ ಇರುತ್ತವೆ. ದೊಡ್ಡ ಫೈಲುಗಳ ಕೊನೆಯಲ್ಲಿ ಬ್ಲಾಕ್ ತುಂಬದೆ ಉಳಿಯುವ ತುಣುಕನ್ನೂ ಹೀಗೆಯೇ ಎಲೆಯಲ್ಲಿ ಸೇರಿಸಿಡುತ್ತಿತ್ತು. ಇದಕ್ಕೆ ಟೇಲ್ ಪ್ಯಾಕಿಂಗ್ ಎನ್ನುತ್ತಾರೆ. ಜಾಗ ಉಳಿಯುತ್ತದೆ ನಿಜ, ಆದರೆ ಫೈಲ್ ಬೆಳೆದಂತೆಲ್ಲ ಆ ತುಣುಕನ್ನು ಎತ್ತಿ ಬೇರೆಡೆ ಇಡುವ ಕೆಲಸ ಹೆಚ್ಚುತ್ತದೆ. ಹಾಗಾಗಿ ವೇಗ ಬೇಕಾದವರು ನೋಟೇಲ್ ಎಂಬ ಆಯ್ಕೆ ಕೊಟ್ಟು ಅದನ್ನು ನಿಲ್ಲಿಸಿಬಿಡುತ್ತಿದ್ದರು.

ಸಾವಿರಾರು ಫೈಲುಗಳಿರುವ ಡೈರೆಕ್ಟರಿಯಲ್ಲಿ ಒಂದನ್ನು ಹುಡುಕುವುದು ಎಕ್ಸ್‌ಟಿ2ಕ್ಕೆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದುವ ಕೆಲಸ. ರೈಸರ್‌ಎಫ್‌ಎಸ್ ಹೆಸರನ್ನು ಒಂದು ಹ್ಯಾಶ್ ಸಂಖ್ಯೆಯಾಗಿ ಮಾಡಿ ಮರದಲ್ಲಿ ನೇರ ಹುಡುಕುತ್ತಿತ್ತು. ಆ ಹ್ಯಾಶ್‌ಗಳಲ್ಲಿ ಒಂದಕ್ಕೆ ನೇಮ್‌ಸಿಸ್‌ನ ಯೂರಿ ರುಪಾಸೋವ್ ಅವರ ಹೆಸರೇ ಇದೆ, ರುಪಾಸೋವ್ ಹ್ಯಾಶ್ ಎಂದು. ಪಾರ್ಟಿಶನ್ ಶುರುವಾಗಿ 64 ಕೆಬಿ ದಾಟಿದ ಮೇಲೆ ಬರುವ ಸೂಪರ್‌ಬ್ಲಾಕನ್ನು (ಫೈಲ್ ಸಿಸ್ಟಮ್ಮಿನ ಮೂಲ ವಿವರ ಇರುವ ಬ್ಲಾಕು) ಬೈಟುಗಳನ್ನು ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಕಾಣುವ ಗುರುತಿನ ಅಕ್ಷರಗಳು ಮಾತ್ರ ರೈಸರ್‌ನವು. ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ, ಮತ್ತೆ ದೊಡ್ಡಕ್ಷರ ಎಂಬಂತೆ ಆತನ ಹೆಸರು. ಆ ಫೈಲ್ ಸಿಸ್ಟಮ್ ಹಾಕಿದ ಪ್ರತಿ ಡಿಸ್ಕಿನ ಮೇಲೂ ಆ ಹೆಸರು ಕೂತಿರುತ್ತದೆ.

ಇದರ ದೋಷಗಳನ್ನೂ ಹೇಳಬೇಕು. ಮೊದಲ ವರ್ಷಗಳಲ್ಲಿ ಜರ್ನಲ್ ಕಾಪಾಡುತ್ತಿದ್ದದ್ದು ಫೈಲ್ ಸಿಸ್ಟಮ್ಮಿನ ಒಳರಚನೆಯನ್ನು ಮಾತ್ರ, ಫೈಲಿನ ಒಳಗಿನ ಮಾಹಿತಿಯನ್ನಲ್ಲ. ಕರೆಂಟ್ ಹೋಗುವ ಕ್ಷಣದಲ್ಲಿ ಬರೆಯುತ್ತಿದ್ದ ಲಾಗ್ ಫೈಲಿನ ಕೊನೆಯಲ್ಲಿ ಬೇರೆ ಯಾವುದೋ ಫೈಲಿನ ಕಸ ಸೇರಿಕೊಂಡಿರುತ್ತಿತ್ತು. ಅದನ್ನು ಸರಿಪಡಿಸುವ ಕೆಲಸವನ್ನೂ ಆಮೇಲೆ ಮೇಸನ್ ಅವರೇ ಮಾಡಿದರು. ಇನ್ನೊಂದು ದೋಷ ರಚನೆಯಲ್ಲೇ ಇತ್ತು. ಎಕ್ಸ್‌ಟಿ2ರಲ್ಲಿ ಐನೋಡ್‌ಗಳು ಎಲ್ಲಿರುತ್ತವೆ ಎಂಬುದು ಮೊದಲೇ ಗೊತ್ತು, ಹಾಗಾಗಿ ಡಿಸ್ಕ್ ಕೆಟ್ಟರೂ ಅಲ್ಲಿಂದ ಶುರುಮಾಡಿ ಏನಾದರೂ ಹೆಕ್ಕಬಹುದು. ರೈಸರ್‌ಎಫ್‌ಎಸ್‌ನಲ್ಲಿ ಎಲೆಗಳು ಪಾರ್ಟಿಶನ್ ತುಂಬ ಹರಡಿರುತ್ತವೆ. ಮರದ ಬುಡವೇ ಹೋದರೆ ಉಳಿದ ದಾರಿ ಒಂದೇ, ರೀಬಿಲ್ಡ್-ಟ್ರೀ ಆಯ್ಕೆ ಕೊಟ್ಟು ಪ್ರತಿಯೊಂದು ಬ್ಲಾಕನ್ನೂ ಓದಿಸಿ, ಎಲೆಯ ಹಾಗೆ ಕಂಡದ್ದನ್ನೆಲ್ಲ ಸೇರಿಸಿ ಹೊಸ ಮರ ಕಟ್ಟಿಸುವುದು. ಅಪಾಯ ಇಲ್ಲೇ. ಯಾರಾದರೂ ಇನ್ನೊಂದು ರೈಸರ್‌ಎಫ್‌ಎಸ್ ಡಿಸ್ಕಿನ ಇಮೇಜನ್ನು ಬ್ಯಾಕಪ್ ಎಂದು ಅದೇ ಪಾರ್ಟಿಶನ್‌ನಲ್ಲಿ ಒಂದು ಫೈಲಾಗಿ ಇಟ್ಟಿದ್ದರೆ, ಆ ಫೈಲಿನೊಳಗಿನ ಎಲೆಗಳೂ ಈ ಟೂಲಿನ ಕಣ್ಣಿಗೆ ಎಲೆಗಳೇ. ಯಾವುದು ಈ ಮರದ್ದು, ಯಾವುದು ಆ ಮರದ್ದು ಎಂದು ಹೇಳುವ ಗುರುತು ಎಲೆಯ ಮೇಲೆ ಇಲ್ಲ. ಎರಡು ಡಿಸ್ಕುಗಳ ಫೈಲುಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಒಂದು ಎಲೆಯಲ್ಲಿ ಹದಿನಾರು ಬೈಟಿನ ಪಾರ್ಟಿಶನ್ ಗುರುತು ಹಾಕಿದ್ದರೆ ತಪ್ಪುತ್ತಿದ್ದ ಅನಾಹುತವಿದು. ಮುಂದೆ ಬಂದ ಫೈಲ್ ಸಿಸ್ಟಮ್‌ಗಳು ಹಾಗೆಯೇ ಮಾಡಿದವು.

2001ರ ನವೆಂಬರಿನಲ್ಲಿ ಎಕ್ಸ್‌ಟಿ3 ಅಧಿಕೃತ ಕರ್ನಲ್ಲಿಗೆ ಬಂತು. ಅದರಲ್ಲಿ ಹೊಸದೆಂಬುದು ಹೆಚ್ಚೇನೂ ಇರಲಿಲ್ಲ, ಎಕ್ಸ್‌ಟಿ2ಕ್ಕೆ ಜರ್ನಲ್ ಅಂಟಿಸಿದ್ದಷ್ಟೇ. ಆದರೆ ಇದ್ದ ಡಿಸ್ಕನ್ನು ಅಳಿಸದೆ ಒಂದು ಕಮ್ಯಾಂಡಿನಲ್ಲಿ ಎಕ್ಸ್‌ಟಿ3 ಮಾಡಿಕೊಳ್ಳಬಹುದಿತ್ತು. ರೈಸರ್‌ಎಫ್‌ಎಸ್‌ಗೆ ಹೋಗಬೇಕೆಂದರೆ ಎಲ್ಲವನ್ನೂ ಬ್ಯಾಕಪ್ ತೆಗೆದು, ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಬೇಕು. ಲಿನಕ್ಸ್ ವಿತರಿಸುವ ಇನ್ನೊಂದು ಕಂಪನಿ ರೆಡ್ ಹ್ಯಾಟ್ ಎಕ್ಸ್‌ಟಿ3 ಹಿಡಿಯಿತು, ಸೂಸೆ ರೈಸರ್‌ಎಫ್‌ಎಸ್ ಜೊತೆಗೇ ಉಳಿಯಿತು.

ನನ್ನ ಪ್ರಕಾರ ರೈಸರ್‌ಎಫ್‌ಎಸ್‌ನ ಇಳಿಗಾಲ ಶುರುವಾದದ್ದು ರೈಸರ್4 ಯೋಜನೆಯಿಂದ. ಇಲ್ಲಿಯವರೆಗೆ ಹೇಳಿದ ರೈಸರ್‌ಎಫ್‌ಎಸ್, ಅಂದರೆ ಮೂರನೇ ಆವೃತ್ತಿ, ಮುಗಿದ ಕೆಲಸ, ಇನ್ನು ಅದಕ್ಕೆ ದೋಷ ತಿದ್ದಿದರೆ ಸಾಕು ಎಂದು ನೇಮ್‌ಸಿಸ್ ಅದರ ಪಾಡಿಗೆ ಅದನ್ನು ಬಿಟ್ಟು, ಪೂರ್ತಿ ಹೊಸದಾದ ರೈಸರ್4ರ ಹಿಂದೆ ಬಿತ್ತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಅದಕ್ಕೆ ಹಣ ಕೊಟ್ಟಿತ್ತು. ಫೈಲನ್ನೇ ಡೈರೆಕ್ಟರಿಯ ಹಾಗೆ ತೆರೆದು ಒಳಗಿನ ಭಾಗಗಳನ್ನು ನೋಡುವುದು, ಪ್ಲಗಿನ್ ಸೇರಿಸುವುದು, ಬದಲಾವಣೆಗಳನ್ನು ಒಂದೇ ಗುಕ್ಕಿನಲ್ಲಿ ಪೂರ್ತಿಯಾಗಿ ಅಥವಾ ಬಿಲ್ಕುಲ್ ಇಲ್ಲದಂತೆ ಮಾಡುವುದು, ಹೀಗೆ ಅದರಲ್ಲಿ ಹೊಸತು ಬಹಳ ಇತ್ತು. ಕರ್ನಲ್ ಬರೆಯುವವರು, ಇಂಥ ಗುಣಗಳು ಒಂದು ಫೈಲ್ ಸಿಸ್ಟಮ್ಮಿನೊಳಗೆ ಹುದುಗಿರಬಾರದು, ಎಲ್ಲ ಫೈಲ್ ಸಿಸ್ಟಮ್‌ಗಳಿಗೂ ಸಾಮಾನ್ಯವಾದ ಪದರದಲ್ಲಿ ಇರಬೇಕು ಎಂದರು. ರೈಸರ್ ಅದನ್ನು ಹಗೆಯೆಂದು ತಿಳಿದ. ಜಗಳ ಬಹಿರಂಗವಾಗಿಯೇ ನಡೆಯಿತು, ಮಾತು ಕಹಿಯಾಯಿತು. ರೈಸರ್4 ಅಧಿಕೃತ ಕರ್ನಲ್ಲಿಗೆ ಕೊನೆಗೂ ಸೇರಲೇ ಇಲ್ಲ. ಎಡ್ವರ್ಡ್ ಶಿಶ್ಕಿನ್ ಎಂಬ ನೇಮ್‌ಸಿಸ್‌ನ ಪ್ರೋಗ್ರಾಮರ್ ಕಂಪನಿ ಮುಚ್ಚಿದ ಮೇಲೂ ಹತ್ತಕ್ಕೂ ಹೆಚ್ಚು ವರ್ಷ ಅದನ್ನು ಹೊಸ ಕರ್ನಲ್‌ಗಳಿಗೆ ಹೊಂದಿಸುತ್ತ ಬಂದರು.

ಈಗ 2006. ತಾರೀಕುಗಳನ್ನು ಸಾಲಾಗಿ ನೋಡಬೇಕು, ಯಾಕೆಂದರೆ ಗೊಂದಲವಾದದ್ದು ಇಲ್ಲೇ. ನೀನಾ ರೈಸರ್ ರಷ್ಯಾದಲ್ಲಿ ಹುಟ್ಟಿ ಬೆಳೆದವರು, ವೈದ್ಯೆಯಾಗಿ ಓದಿದವರು. 1999ರಲ್ಲಿ ಮದುವೆ, 2004ರಲ್ಲಿ ಬೇರೆಯಾದರು. 2006ರ ಸೆಪ್ಟೆಂಬರ್ 3ರಂದು ಮಕ್ಕಳನ್ನು ಓಕ್‌ಲ್ಯಾಂಡ್‌ನಲ್ಲಿದ್ದ ಗಂಡನ ಮನೆಗೆ ಬಿಡಲು ಹೋದವರು ಕಾಣೆಯಾದರು. ಅದೇ ಸೆಪ್ಟೆಂಬರ್ ಮಧ್ಯದಲ್ಲಿ ಸೂಸೆಯ ಜೆಫ್ ಮಹೋನಿ, ಇನ್ನು ಮುಂದೆ ಎಕ್ಸ್‌ಟಿ3 ನಮ್ಮ ಡಿಫಾಲ್ಟ್ ಆಗಲಿ ಎಂದು ಪ್ರಸ್ತಾಪ ಬರೆದರು. ಅಕ್ಟೋಬರ್ 10ರಂದು ಹ್ಯಾನ್ಸ್ ರೈಸರ್ ಬಂಧನವಾಯಿತು. ಅದಾದ ಎರಡು ದಿನಕ್ಕೆ ಸೂಸೆಯ ಬದಲಾವಣೆ ಸುದ್ದಿಯಾಯಿತು. ಓದಿದವರು ಎರಡನ್ನೂ ಗಂಟು ಹಾಕಿದರು. ಆದರೆ ಮಹೋನಿ ಪ್ರಸ್ತಾಪ ಬರೆದದ್ದು ಬಂಧನಕ್ಕೂ ಮೊದಲು, ಅವರು ಕೊಟ್ಟ ಕಾರಣಗಳು ಪೂರ್ತಿ ತಾಂತ್ರಿಕ: ಹಲವು ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಇದರ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ, ವಿಸ್ತೃತ ಗುಣಲಕ್ಷಣಗಳನ್ನು (ಫೈಲಿಗೆ ಅಂಟಿಸುವ ಹೆಚ್ಚುವರಿ ವಿವರ) ಬಳಸಿದರೆ ನಿಧಾನ, ಇದನ್ನು ನೋಡಿಕೊಳ್ಳುವವರ ಗುಂಪು ಸಣ್ಣದು ಮತ್ತು ಇನ್ನೂ ಸಣ್ಣದಾಗುತ್ತಿದೆ, ರೈಸರ್4 ಇದರ ಮುಂದುವರಿಕೆಯಲ್ಲ. ಮೂರನೆಯ ಕಾರಣವನ್ನು ನಾನು ಎಷ್ಟು ಸಲ ಓದಿದರೂ ಅದೇ ಮುಖ್ಯವೆನಿಸುತ್ತದೆ.

2008ರ ಏಪ್ರಿಲ್ 28ರಂದು ಜ್ಯೂರಿ ರೈಸರ್‌ನನ್ನು ಮೊದಲ ದರ್ಜೆಯ ಕೊಲೆಯ ಅಪರಾಧಿ ಎಂದಿತು. ಜುಲೈನಲ್ಲಿ ಆತ ಪೊಲೀಸರನ್ನು ಓಕ್‌ಲ್ಯಾಂಡ್ ಗುಡ್ಡಗಳಿಗೆ ಕರೆದುಕೊಂಡು ಹೋಗಿ ನೀನಾ ಅವರ ದೇಹ ಹೂತ ಜಾಗ ತೋರಿಸಿದ. ಅದರ ಮೇಲೆ ಎರಡನೇ ದರ್ಜೆಗೆ ಇಳಿಸಿ, ಆಗಸ್ಟ್‌ನಲ್ಲಿ ಹದಿನೈದು ವರ್ಷದಿಂದ ಜೀವಾವಧಿಯ ಶಿಕ್ಷೆ ಕೊಟ್ಟರು. ಮಕ್ಕಳು ಅಷ್ಟರಲ್ಲಿ ರಷ್ಯಾದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದರು. ಆತನ ಬುದ್ಧಿವಂತಿಕೆಯನ್ನು ಮುಂದಿಟ್ಟು ಈ ಅಪರಾಧವನ್ನು ತೂಗುವ ಬರಹಗಳನ್ನು ನಾನು ಓದಿದ್ದೇನೆ. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಆಮೇಲಿನ ವರ್ಷಗಳ ಕೆಲಸಕ್ಕೆ ಸುದ್ದಿಯಿಲ್ಲ. ರೈಸರ್‌ಎಫ್‌ಎಸ್ ಕರ್ನಲ್ ಪೂರ್ತಿಗೆ ಒಂದೇ ಆಗಿದ್ದ ದೊಡ್ಡ ಬೀಗವನ್ನು ನೆಚ್ಚಿಕೊಂಡಿತ್ತು. ಎರಡು ಬೇರೆ ಬೇರೆ ಡಿಸ್ಕುಗಳಿದ್ದರೂ ಒಂದರ ಕೆಲಸ ಮುಗಿಯುವ ತನಕ ಇನ್ನೊಂದು ಕಾಯಬೇಕು. ಆ ಬೀಗವನ್ನು ಇಡೀ ಕರ್ನಲ್‌ನಿಂದ ಕಿತ್ತುಹಾಕುವ ಕೆಲಸ ನಡೆಯುವಾಗ ಫ್ರೆಡ್ರಿಕ್ ವೈಸ್‌ಬೆಕರ್ ರೈಸರ್‌ಎಫ್‌ಎಸ್‌ನ ಕೋಡಿನೊಳಗೆ ಇಳಿದು, ಪ್ರತಿ ಪಾರ್ಟಿಶನ್ನಿಗೂ ಪ್ರತ್ಯೇಕ ಬೀಗ ಮಾಡಿಕೊಟ್ಟರು. 2010ರಲ್ಲಿ ಬಂದ 2.6.33ರಲ್ಲಿ ಅದು ಸೇರಿತು. ಯಾರೂ ಹೊಸದಾಗಿ ಹಾಕಿಕೊಳ್ಳದ ಫೈಲ್ ಸಿಸ್ಟಮ್ಮಿಗೆ, ಇನ್ನೊಬ್ಬರು ಬರೆದ ಗೋಜಲು ಕೋಡಿಗೆ ಇಷ್ಟು ಬೆವರು ಸುರಿಸುವುದು ಸಣ್ಣ ಮಾತಲ್ಲ. ಜೆಫ್ ಮಹೋನಿ, ಯಾನ್ ಕಾರಾ ಮುಂತಾದವರು ಹೀಗೆಯೇ ವರ್ಷ ವರ್ಷ ಕರ್ನಲ್ ಬದಲಾದಂತೆ ಇದನ್ನೂ ಬದಲಿಸುತ್ತ, ಹಳೆಯ ಡಿಸ್ಕುಗಳು ತೆರೆಯುವಂತೆ ನೋಡಿಕೊಂಡರು.

2022ರ ಫೆಬ್ರವರಿಯಲ್ಲಿ ಕರ್ನಲ್‌ನ ಮೆಮೊರಿ ಭಾಗವನ್ನು ಶುದ್ಧಗೊಳಿಸುತ್ತಿದ್ದ ಮ್ಯಾಥ್ಯೂ ವಿಲ್ಕಾಕ್ಸ್‌ಗೆ, ಒಂದು ಹಳೆಯ ಫ್ಲಾಗನ್ನು ಬಳಸುತ್ತಿರುವುದು ರೈಸರ್‌ಎಫ್‌ಎಸ್ ಒಂದೇ ಎಂದು ಕಂಡಿತು. ಇದನ್ನು ಇನ್ನು ತೆಗೆಯಬಹುದೇ ಎಂದು ಅವರು ಕೇಳಿದರು. ನನ್ನ ಯಂತ್ರಗಳಲ್ಲಿ ಇನ್ನೂ ಇದೇ ಓಡುತ್ತಿದೆ ಎಂದು ಬಳಕೆದಾರರೊಬ್ಬರು ಉತ್ತರಿಸಿದರು. ಒಬ್ಬರ ಆ ಮಾತಿಗೂ ಬೆಲೆ ಕೊಟ್ಟು, ತಕ್ಷಣ ತೆಗೆಯುವ ಬದಲು 2025ರವರೆಗೆ ಗಡುವು ಇಟ್ಟರು. ಅದೇ ವರ್ಷದ 5.18 ಆವೃತ್ತಿಯಿಂದ ರೈಸರ್‌ಎಫ್‌ಎಸ್ ಮೌಂಟ್ ಮಾಡಿದವರಿಗೆಲ್ಲ, ಅಂದರೆ ಬಳಕೆಗೆ ತೆರೆದವರಿಗೆಲ್ಲ, ಎಚ್ಚರಿಕೆಯ ಸಾಲು ಕಾಣತೊಡಗಿತು. ಓಪನ್‌ಸೂಸೆಯ ಟಂಬಲ್‌ವೀಡ್ ಎಂಬ ಲಿನಕ್ಸ್ ವಿತರಣೆಯಿಂದ ಇದನ್ನು ತೆಗೆಯೋಣ ಎಂದು ಆ ಆಗಸ್ಟ್‌ನಲ್ಲಿ ಬರೆದವರು ಅದೇ ಜೆಫ್ ಮಹೋನಿ.

2024ರ ಜನವರಿಯಲ್ಲಿ ಜೈಲಿನಿಂದ ರೈಸರ್ ಬರೆದ ದೀರ್ಘ ಪತ್ರವನ್ನು ಇನ್ನೊಬ್ಬರು ಕರ್ನಲ್ ಬರೆಯುವವರಿಗೆ ತಲುಪಿಸಿದರು. ಕೊಲೆಯ ಬಗ್ಗೆ, ಸಹೋದ್ಯೋಗಿಗಳ ಜೊತೆ ತಾನು ನಡೆದುಕೊಂಡ ರೀತಿಯ ಬಗ್ಗೆ ಅದರಲ್ಲಿ ಪಶ್ಚಾತ್ತಾಪವಿತ್ತು. ಕೋಡನ್ನು ಉಳಿಸಿ ಎಂಬ ಬೇಡಿಕೆ ಇರಲಿಲ್ಲ. ತೆಗೆಯುವುದೇ ತೀರ್ಮಾನವಾದರೆ ಕೊನೆಯ ಒಂದು ಆವೃತ್ತಿಯಲ್ಲಿ ಜೊತೆಗಿನ ಟಿಪ್ಪಣಿ ತಿದ್ದಿ, ಮಿಖಾಯಿಲ್ ಗಿಲುಲಾ, ಕಾನ್‌ಸ್ತಾಂತಿನ್ ಶ್ವಾಚ್ಕೊ, ಅನತೋಲಿ ಪಿಂಚುಕ್ ಎಂಬ ಮೂವರ ಹೆಸರು ಸೇರಿಸಿ, ಅವರ ಹೆಸರು ಯಾಕಿಲ್ಲ ಎಂದು ತಾನು ಹಿಂದೆ ಬರೆದದ್ದನ್ನು ಅಳಿಸಿ ಎಂದು ಕೇಳಿದ್ದ. ಇಡೀ ಪಾರ್ಟಿಶನ್ನಿನ ಮೇಲೆ ತನ್ನ ಹೆಸರನ್ನೇ ಬರೆಸಿಕೊಂಡಿದ್ದವನ ಕೊನೆಯ ಕೋರಿಕೆ ಅದು. ಆ ಪತ್ರದಿಂದ ಆತನ ಮೇಲೆ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಆ ಮೂವರಿಗೆ ನ್ಯಾಯ ಕೇಳಿದ್ದು ಸರಿ.

6.13ಕ್ಕಾಗಿ ಯಾನ್ ಕಾರಾ ಅದರ ಡೈರೆಕ್ಟರಿಯನ್ನು ತೆಗೆದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಸಾಲು ಕೋಡು ಹೋಯಿತು. ಯೋಚನೆಗಳು ಹೋಗಲಿಲ್ಲ. ಕ್ರಿಸ್ ಮೇಸನ್ 2007ರಲ್ಲಿ ಒರಾಕಲ್‌ನಲ್ಲಿ ಶುರುಮಾಡಿದ ಬಿಟಿಆರ್‌ಎಫ್‌ಎಸ್‌ನಲ್ಲಿ ಎಲ್ಲವನ್ನೂ ಮರದ ಎಲೆಗಳಲ್ಲಿ ಕೀಲಿ ಕೊಟ್ಟು ಇಡುವ ಪದ್ಧತಿಯಿದೆ, ಸಣ್ಣ ಫೈಲುಗಳು ಎಲೆಯೊಳಗೇ ಕೂರುತ್ತವೆ, ಪ್ರತಿ ಎಲೆಯ ಮೇಲೂ ಅದು ಯಾವ ಫೈಲ್ ಸಿಸ್ಟಮ್ಮಿಗೆ ಸೇರಿದ್ದು ಎಂಬ ಗುರುತಿದೆ. ಫೆಡೋರಾ ಎಂಬ ಲಿನಕ್ಸ್ ವಿತರಣೆಯಲ್ಲಿ 2020ರ 33ನೇ ಆವೃತ್ತಿಯಿಂದ ಡೆಸ್ಕ್‌ಟಾಪ್‌ಗಳಲ್ಲಿ ಅದೇ ಡಿಫಾಲ್ಟ್.

ಹಳೆಯ ಐಡಿಇ ಡಿಸ್ಕೊಂದು ಅಟ್ಟದ ಮೇಲೆ ಇಟ್ಟುಕೊಂಡಿರುವವರು ನಮ್ಮಲ್ಲಿ ಖಂಡಿತ ಇದ್ದಾರೆ. 2000ದ ದಶಕದ ಮೊದಲ ವರ್ಷಗಳಲ್ಲಿ ಸೂಸೆ ಹಾಕಿದ್ದರೆ ಅದು ರೈಸರ್‌ಎಫ್‌ಎಸ್ ಆಗಿರುವ ಸಾಧ್ಯತೆ ಹೆಚ್ಚು. 6.12 ದೀರ್ಘಾವಧಿ ಬೆಂಬಲದ ಕರ್ನಲ್, ಅದರ ಕೋಡಿನಲ್ಲಿ ರೈಸರ್‌ಎಫ್‌ಎಸ್ ಇನ್ನೂ ಇದೆ. ಈ ಮಾಡ್ಯೂಲ್ ಸೇರಿಸಿರುವ, 6.12 ಅಥವಾ ಅದಕ್ಕಿಂತ ಹಳೆಯ ಕರ್ನಲ್ ಇರುವ ಲೈವ್ ಯುಎಸ್‌ಬಿ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಹುಡುಕಿಕೊಳ್ಳಿ. ಮೊದಲು ಡಿಸ್ಕಿನ ಪೂರ್ತಿ ಇಮೇಜ್ ತೆಗೆಯಿರಿ, ಓದಲು ಮಾತ್ರ ಎಂದು ಮೌಂಟ್ ಮಾಡಿದರೂ ರೈಸರ್‌ಎಫ್‌ಎಸ್ ಜರ್ನಲನ್ನು ಮತ್ತೆ ನಡೆಸಿ ಡಿಸ್ಕಿನ ಮೇಲೆ ಬರೆಯುತ್ತದೆ. ಇಮೇಜಿನ ಇನ್ನೊಂದು ಪ್ರತಿ ಮಾಡಿ ಅದರ ಮೇಲೆ ಕೆಲಸ ಮಾಡಿ, ರೀಬಿಲ್ಡ್-ಟ್ರೀ ಬೇಕಾದರೂ ಆ ಪ್ರತಿಯ ಮೇಲೇ ಆಗಲಿ. ಫೈಲುಗಳು ಸಿಕ್ಕ ಮೇಲೆ ಎಕ್ಸ್‌ಟಿ4 ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಇದನ್ನು ಈ ವರ್ಷವೇ ಮಾಡಿ, ಐಡಿಇ ಕೇಬಲ್ ಹಾಕುವ ಅಡಾಪ್ಟರ್ ಇನ್ನೂ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತಿರುವಾಗಲೇ.